ವಾಪಸ್ ಬರದ ಲೈನ್ ಕ್ಲಿಯರ್

ಕಿವಿಮಾತು ನಮ್ಮ ಊರಿಗೆ ಬಂದ ಹೊಸದರಲ್ಲಿ ಜನ ಅದನ್ನು ಕಿವುಡರ ಮಿಷನ್ ಅಂದುಕೊಂಡಿದ್ದರು. ಈಗ ಕೇಳಲೇಬೇಡಿ. ಬಸ್ಸು ಉರುಳಿ ಬದುಕಿ ಬಂದವರು, ಗಂಡನ ಹೊಡೆತ ತಿಂದು ತವರಿಗೆ ಬಂದವರು, ಹೆರಿಗೆಯಲ್ಲಿ ಮಗು ಕಳೆದುಕೊಂಡವರು, ಎಲ್ಲರ ಮನೆಯ ಗೂಡಿನಲ್ಲೂ ಕನ್ನಡಕದ ಡಬ್ಬಿಯಷ್ಟಿರುವ ಆ ನೀಲಿ ಡಬ್ಬಿ ಇದೆ. ಸಂತೆಯಲ್ಲಿ ಸಿಕ್ಕವರು ಊಟ ಆಯ್ತಾ ಅನ್ನುವಷ್ಟೇ ಸಲೀಸಾಗಿ "ಹಸಿರು ಬಂತಾ?" ಅಂತ ಕೇಳುತ್ತಾರೆ. ಬಂತು ಅಂದರೆ ಅವರ ಮನಸ್ಸಿನ ಒಂದು ಗಾಯ ಮಾಯ್ದಿದೆ ಅಂತ ಅರ್ಥ.

ನಾನು ರುದ್ರಮುನಿ. ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು ಏನಾದರೂ ತನ್ನಿ, ಹಳೇ ತಂತಿ ಕಿತ್ತು ಹೊಸದು ಸುತ್ತಿಕೊಡುತ್ತೇನೆ. ಯಾವ ಯಂತ್ರ ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡದೆ ನಿದ್ದೆ ಬಾರದ ಜಾತಿ ನನ್ನದು. ಹಾಗಾಗಿ ಕಿವಿಮಾತಿನ ಮರ್ಮವನ್ನೂ ಅವರಿವರನ್ನು ಕಾಡಿ ತಿಳಿದುಕೊಂಡಿದ್ದೇನೆ.

ತಂತಿ ಸುತ್ತಿ ಮುಗಿದ ಮೇಲೆ ನಾವು ಅದನ್ನು ವಾರ್ನಿಷಿನಲ್ಲಿ ಅದ್ದಿ, ಬಿಸಿ ಮಾಡಿ ಒಣಗಿಸುತ್ತೇವೆ. ಒಣಗಿತು ಅಂದರೆ ಒಂದು ಸುತ್ತೂ ಅಲ್ಲಾಡುವುದಿಲ್ಲ. ನೆನಪೂ ಹಾಗೇ ಗಟ್ಟಿಯಾಗಿ ಕೂತಿರುತ್ತದಂತೆ. ಆದರೆ ಅದನ್ನು ಹೊರಗೆ ತೆಗೆದು ಹೇಳಿಕೊಂಡಾಗ ಕೆಲವು ಗಂಟೆ ಹೊತ್ತು ಮತ್ತೆ ಹಸಿಯಾಗುತ್ತದೆ. ಆ ಹೊತ್ತಿನಲ್ಲಿ ಮೈ ಶಾಂತವಾಗಿದ್ದರೆ ನೆನಪು ತನ್ನ ಭಯವನ್ನು ಬಿಟ್ಟು ಗಟ್ಟಿಯಾಗುತ್ತದೆ. ನಮ್ಮ ಕಿವಿಯ ಹತ್ತಿರ ಒಂದು ನರ ಹಾದುಹೋಗುತ್ತದೆ, ಎದೆ ಬಡಿತಕ್ಕೆ ಲಗಾಮು ಹಾಕುವ ನರ ಅದು. ಕಿವಿಮಾತಿನ ಕ್ಲಿಪ್ಪು ಅಲ್ಲಿಗೆ ಇರುವೆ ಕಚ್ಚಿದಷ್ಟೂ ಇಲ್ಲದ ಕರೆಂಟು ಕೊಟ್ಟು ಮೈಯನ್ನು ತಣಿಸುತ್ತದೆ. ಬಾಗಿಲು ಹಾಕಿಕೊಂಡು, ಕ್ಲಿಪ್ಪು ಸಿಕ್ಕಿಸಿಕೊಂಡು, ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು. ಭಯದ ಗೆರೆ ಏರಿ, ಕಥೆಯ ಕೊನೆಗೆ ಇಳಿದು ನೆಲ ಮುಟ್ಟಿತೋ, ಡಬ್ಬಿಯ ಮೇಲಿನ ಹಳದಿ ದೀಪ ಹಸಿರಾಗುತ್ತದೆ. ಮಾತ್ರೆ ಇಲ್ಲ, ಆಸ್ಪತ್ರೆ ಇಲ್ಲ. ತನ್ನ ಗಾಯಕ್ಕೆ ತಾನೇ ಮದ್ದು.

ಇಡೀ ತಾಲೂಕಿಗೆ ಹಸಿರು ಬಂದರೂ ನನ್ನ ಹೆಂಡತಿ ದಾಕ್ಷಾಯಿಣಿಗೆ ಮಾತ್ರ ಬರಲಿಲ್ಲ.

ದಾಕ್ಷಿ ಮಲ್ಲಪ್ಪನಗುಡ್ಡದ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಸುತ್ತಿನ ಹಳ್ಳಿಗಳಿಗೆಲ್ಲ ಅಲ್ಲಿಂದಲೇ ಕರೆಂಟು. ಒಂದೊಂದು ದಿಕ್ಕಿಗೆ ಹೋಗುವ ಲೈನಿಗೆ ಒಂದೊಂದು ಫೀಡರ್ ಅಂತ ಹೆಸರು, ಅವುಗಳ ಸ್ವಿಚ್ಚುಗಳೆಲ್ಲ ಕಂಟ್ರೋಲ್ ರೂಮಿನ ಪ್ಯಾನಲ್ಲಿನಲ್ಲಿ. ಲೈನಿನಲ್ಲಿ ಕರೆಂಟು ಹರಿಯುತ್ತಿದ್ದರೆ ಕೆಂಪು ದೀಪ, ಆಫ್ ಆಗಿದ್ದರೆ ಹಸಿರು ದೀಪ. ಈ ಕಾಲದಲ್ಲಿ ಡ್ರೋನು ಕಂಬ ಕಂಬ ಸುತ್ತಿ ಎಲ್ಲಿ ಏನು ಕೆಟ್ಟಿದೆ ಅಂತ ಫೋಟೋ ಕಳಿಸುತ್ತದೆ ನಿಜ. ಕಂಬ ಹತ್ತಿ ರಿಪೇರಿ ಮಾಡುವುದು ಮಾತ್ರ ಇವತ್ತಿಗೂ ಮನುಷ್ಯನೇ. ಹತ್ತುವ ಮುಂಚೆ ಲೈನ್‌ಮನ್ ಫೋನು ಮಾಡಿ ಲೈನ್ ಕ್ಲಿಯರ್ ಕೇಳುತ್ತಾನೆ. ಎಲ್ಲರ ಬಾಯಲ್ಲೂ ಅದು ಎಲ್‌ಸಿ. ಆಪರೇಟರ್ ಲೈನು ಆಫ್ ಮಾಡಿ, ಸ್ವಿಚ್ಚಿಗೆ 'ಮುಟ್ಟಬೇಡಿ' ಅನ್ನುವ ಬೋರ್ಡು ತಗುಲಿಸಿ ಎಲ್‌ಸಿ ಕೊಡುತ್ತಾರೆ. ಕೆಲಸ ಮುಗಿಸಿ ಕೆಳಗಿಳಿದವನು ಫೋನು ಮಾಡಿ ಎಲ್‌ಸಿ ವಾಪಸ್ ಅನ್ನಬೇಕು, ಆಮೇಲಷ್ಟೇ ಲೈನಿಗೆ ಕರೆಂಟು. ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ಎಲ್‌ಸಿ ಯಾರು ತಗೊಂಡರೋ ಅವರೇ ಸ್ವಂತ ಬಾಯಿಂದ ವಾಪಸ್ ಕೊಡಬೇಕು. ಅವರ ಒಡಹುಟ್ಟಿದವರು ಹೇಳಿದರೂ ಇಲ್ಲ, ಮೇಲಿನ ಸಾಹೇಬರು ಹೇಳಿದರೂ ಇಲ್ಲ.

ಎರಡು ವರ್ಷದ ಹಿಂದೆ ಬೇಸಗೆಯ ಒಂದು ಮಧ್ಯಾಹ್ನ ಗುಡ್ಡದ ಫೀಡರಿನಲ್ಲಿ ಓಬಳೇಶ ಎಲ್‌ಸಿ ತಗೊಂಡ. ಚಿಕ್ಕ ವಯಸ್ಸು, ನಗುಮುಖ. ಅಂಗಡಿಗೆ ಬಂದರೆ ನನ್ನ ಟೀ ಕುಡಿದು ನನಗೇ ಬುದ್ಧಿ ಹೇಳಿ ಹೋಗುವ ಆಸಾಮಿ. ಕೆಲಸ ಮುಗಿಸಿ ಇಳಿದ, ಕಾವಲಿಗೆ ಅಂತ ಲೈನಿನಿಂದ ನೆಲಕ್ಕೆ ಕಟ್ಟಿದ್ದ ಅರ್ತಿಂಗ್ ಸರಪಳಿಯನ್ನೂ ಬಿಚ್ಚಿದ. ಅವನು ಇಳಿದದ್ದನ್ನು ದೂರದಿಂದ ಜೊತೆಗಾರ ಈರಣ್ಣ ನೋಡಿದ. ಕುಡಿಯುವ ನೀರಿನ ಟ್ಯಾಂಕು ಖಾಲಿ, ಕರೆಂಟು ಕೊಡಿ ಅಂತ ಊರವರು ಈರಣ್ಣನ ತಲೆ ತಿನ್ನುತ್ತಿದ್ದರು. ಅವನು ದಾಕ್ಷಿಗೆ ಫೋನು ಹಚ್ಚಿದ. "ಓಬಳೇಶ ಇಳ್ದ ಮೇಡಂ. ಅವನ ಫೋನು ಆಫಾಗೈತೆ. ಎಲ್‌ಸಿ ವಾಪಸ್ ತಗಳ್ರಿ." ಈರಣ್ಣನದೂ ಅವಳದೂ ಹಳೇ ಪರಿಚಯ, ಒಂದು ದಿನ ಸುಳ್ಳು ಹೇಳಿದವನಲ್ಲ. ದಾಕ್ಷಿ ಸ್ವಿಚ್ಚು ಹಾಕಿದಳು. ಅಷ್ಟರಲ್ಲಿ ಓಬಳೇಶ ಯಾವುದೋ ತಂತಿಯ ಕಟ್ಟು ಸಡಿಲ ಇದೆ ಅಂತ ಮತ್ತೆ ಹತ್ತಿದ್ದ.

ಈರಣ್ಣ ಸಸ್ಪೆಂಡಾಗಿ ಊರು ಬಿಟ್ಟ. ಓಬಳೇಶನ ಹೆಂಡತಿ ಪಾಲಮ್ಮನಿಗೆ ಅನುಕಂಪದ ಮೇಲೆ ಕೆಲಸ ಸಿಕ್ಕಿತು. ಆಫೀಸಿನಲ್ಲಿ ಕೂರಮ್ಮ ಅಂದರೆ ಕೇಳಲಿಲ್ಲ, ಕಂಬ ಹತ್ತುವ ಕೆಲಸವನ್ನೇ ಹಟ ಹಿಡಿದು ತಗೊಂಡಳು. ದಾಕ್ಷಿಯನ್ನು ಪ್ಯಾನಲ್ಲಿನಿಂದ ದೂರ ಇಟ್ಟು ಇಲಾಖೆಯವರೇ ಒಂದು ಕಿವಿಮಾತು ಕೊಟ್ಟರು. ಹಸಿರು ಬಂದರೆ ಮತ್ತೆ ಕಂಟ್ರೋಲ್ ರೂಮು. ಈ ವರ್ಷದ ಯುಗಾದಿಯೊಳಗೆ ಬರದಿದ್ದರೆ ಖಾಯಮ್ಮಾಗಿ ಟಪಾಲು ಸೆಕ್ಷನ್ನು. ಅವಳಿಗೆ ಆ ಕಂಟ್ರೋಲ್ ರೂಮು ಅಂದರೆ ಪ್ರಾಣ. ಮಳೆಗಾಲದಲ್ಲಿ ಎಲ್ಲ ಫೀಡರೂ ಒಟ್ಟಿಗೆ ಬಿದ್ದುಹೋದರೂ ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದಳು, ಹಟಮಾರಿ ಮಕ್ಕಳನ್ನು ಎಬ್ಬಿಸಿ ಶಾಲೆಗೆ ಕಳಿಸುವ ತಾಯಿಯ ಹಾಗೆ. ಅಂಥವಳು ಕಾಗದಕ್ಕೆ ಅಂಟು ಹಚ್ಚುತ್ತಾ ಕೂರುವುದನ್ನು ನೆನೆಯಲೂ ನನಗೆ ಆಗುತ್ತಿರಲಿಲ್ಲ.

ಮನೆಯಲ್ಲಿ ನಮ್ಮ ಪಾಡು ಬೇರೆ. ಆ ಘಟನೆ ಆದಮೇಲೆ ಅವಳು ಯಾವ ಸ್ವಿಚ್ಚನ್ನೂ ಕೇಳದೆ ಹಾಕುತ್ತಿರಲಿಲ್ಲ. ಮಿಕ್ಸಿ, ಗೀಸರ್, ನೀರಿನ ಮೋಟರ್, ಕೊನೆಗೆ ಪಡಸಾಲೆಯ ಲೈಟು ಕೂಡ. ಸ್ವಿಚ್ಚಿನ ಮೇಲೆ ಬೆರಳಿಟ್ಟು "ಹಾಕ್ಲಾ?" ಅಂತ ಕೂಗುವಳು. ನಾನು ಎಲ್ಲಿದ್ದರೂ "ಹಾಕು" ಅನ್ನಬೇಕು. ಮೈಗೆಲ್ಲ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದರೂ ಅನ್ನಬೇಕು. ಒಂದು ಬೆಳಿಗ್ಗೆ ನನ್ನ ಬಾಯಲ್ಲಿ ಬ್ರಷ್ಷು ಇತ್ತು ಅಂತ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ "ಹಾಕಮ್ಮಾ, ಅವ್ರು ಹಲ್ಲುಜ್ತಾ ಇದಾರೆ" ಅಂದರು. ಅವಳು ಹಾಕಲಿಲ್ಲ. ಅವತ್ತು ಚಟ್ನಿ ಇಲ್ಲದೆ ದೋಸೆ ತಿಂದೆವು.

ಸಂಜೆಯಾದರೆ ಒಳಕೋಣೆಯ ಬಾಗಿಲು ಹಾಕಿಕೊಂಡು ಆ ಮಧ್ಯಾಹ್ನದ ಕಥೆ ಹೇಳುತ್ತಿದ್ದಳು. ಕೇಳಿಸಿಕೊಳ್ಳಬಾರದು ಅಂದುಕೊಂಡೇ ನಾನು ಹೊರಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಓಬಳೇಶ ಎಲ್‌ಸಿ ಕೇಳಿದ್ದು, ಅವಳು ಕೊಟ್ಟಿದ್ದು, ಈರಣ್ಣನ ಫೋನು ಬಂದದ್ದು, ಎಲ್ಲ ಸರಾಗವಾಗಿ ಬರುತ್ತಿತ್ತು. ಅಲ್ಲಿಗೆ ಬಂದು ನಿಂತುಬಿಡುವಳು. ಹೊರಗೆ ಬಂದಾಗ ಡಬ್ಬಿಯ ಮೇಲೆ ಅದೇ ಹಳದಿ ದೀಪ, ಅವಳ ಹಣೆಯ ಮೇಲೆ ಅದೇ ಬೆವರು.

"ಯಾಕೆ ನಿಲ್ತೀಯೇ ಅಲ್ಲೇ?" ಅಂತ ಒಂದು ದಿನ ಕೇಳಿದೆ.

"ಅವನು ಇನ್ನೂ ಮೇಲಿದಾನೆ ಕಣ್ರೀ," ಅಂದಳು. "ಅವನು ವಾಪಸ್ ಕೊಡದೆ ನಾನು ಹೆಂಗೆ ಮುಗಿಸ್ಲಿ?"

ಡಬ್ಬಿಯನ್ನು ನೆಲಕ್ಕೆ ಕುಕ್ಕಬೇಕು ಅನ್ನಿಸಿತು ನನಗೆ. ನೂರಾರು ಸುಟ್ಟ ಮೋಟರುಗಳನ್ನು ಓಡಿಸಿದ ನನ್ನ ಕೈಗೆ ಇದೊಂದು ದಕ್ಕುತ್ತಿಲ್ಲವಲ್ಲ ಅಂತ ಸಂಕಟ.

ದುರ್ಗದಲ್ಲಿರುವ ಕಿವಿಮಾತು ಕೇಂದ್ರಕ್ಕೆ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ನಫೀಸಾ, ಮೃದು ಮಾತಿನ ಹೆಂಗಸು, ಗೋಡೆಯಗಲದ ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಬೇರೆಯವರ ಗೆರೆಗಳೆಲ್ಲ ಏರಿ ಇಳಿದಿದ್ದವು. ದಾಕ್ಷಿಯದು ಏರಿ ಮೇಲೆಯೇ ನಿಂತಿತ್ತು, ದಿನಾ, ಅದೇ ಜಾಗದಲ್ಲಿ.

"ನಿಮ್ಮ ಕಥೆಗೆ ಕೊನೆಯೇ ಇಲ್ಲ ದಾಕ್ಷಾಯಿಣಿಯವರೇ," ಅಂದರು ಡಾಕ್ಟರು. "ಕೊನೆ ಇಲ್ಲದ ಕಥೇಲಿ ಮೈ ಹೇಗೆ ಇಳಿಯುತ್ತೆ ಹೇಳಿ? ನಾವೊಂದು ಕೊನೆ ಕೊಡಬಹುದು. ಹೊಸದಾಗಿ ಬಂದಿದೆ, ಪ್ರತಿಮಾತು ಅಂತ. ನಿಮ್ಮ ಕಂಟ್ರೋಲ್ ರೂಮಿನ ಫೋನೆಲ್ಲಾ ರೆಕಾರ್ಡ್ ಆಗಿರುತ್ತೆ. ಅದರಿಂದ ಓಬಳೇಶ್ ಅವರ ದನಿ ತಯಾರು ಮಾಡ್ತೀವಿ. ನೀವು ಆ ಜಾಗಕ್ಕೆ ಬಂದಾಗ ನಿಮ್ಮ ಕಿವೀಲಿ ಅವರೇ ಎಲ್‌ಸಿ ವಾಪಸ್ ಅಂತಾರೆ. ಸುಳ್ಳು ಅಂತ ನಿಮ್ಮ ಬುದ್ಧಿಗೆ ಗೊತ್ತಿರುತ್ತೆ. ಮೈಗೆ ಅಷ್ಟು ಸಾಕು."

ದಾಕ್ಷಿ ಸೆರಗಿನ ಅಂಚು ತಿರುವಿದಳು. "ಪಾಲಮ್ಮನ್ನ ಕೇಳಿ ಮೊದಲು," ಅಂದಳು.

ಮನೆಯವರ ಒಪ್ಪಿಗೆ ಬೇಕು ಅಂತ ನಿಯಮವೂ ಇತ್ತು. ನಾನೇ ಪಾಲಮ್ಮನ ಮನೆಗೆ ಹೋದೆ. ಕೆಲಸದಿಂದ ಬಂದು ಹೆಲ್ಮೆಟ್ಟು ತೊಳೆಯುತ್ತಿದ್ದಳು, ಪುಟ್ಟ ಮಗಳು ಪಕ್ಕದಲ್ಲಿ ನೀರು ಹಾಕುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅವನ ದನಿ ತಗಂಡು ಅಕ್ಕನಿಗೆ ಒಳ್ಳೇದಾಗದಾದ್ರೆ ತಗಳ್ರಿ ಅಣ್ಣಾ. ನಂಗೆ ಮಾತ್ರ ಕೇಳಿಸಬ್ಯಾಡ್ರಿ," ಅಂದಳು. ಮತ್ತೆ ಹೆಲ್ಮೆಟ್ಟು ತೊಳೆಯತೊಡಗಿದಳು.

ಪ್ರತಿಮಾತು ಹಾಕಿಕೊಂಡ ಮೊದಲ ಸಂಜೆ ನಾನು ಬಾಗಿಲಿಗೆ ಕಿವಿ ಹಚ್ಚಿಯೇ ನಿಂತಿದ್ದೆ, ಇನ್ನೇನು ನಾಚಿಕೆ. ಕಥೆ ಆ ಜಾಗಕ್ಕೆ ಬಂತು. ನಿಂತಿತು. ಆಮೇಲೆ ದಾಕ್ಷಿ ಸಣ್ಣ ದನಿಯಲ್ಲಿ "ಸರಿ ಓಬಳೇಶ, ತಗೊಂಡೆ," ಅಂದಳು. ಅತ್ತಳು. ಎಷ್ಟೋ ದಿನ ಕಟ್ಟಿಕೊಂಡಿದ್ದ ಮೋರಿ ಬಿಟ್ಟ ಹಾಗಿತ್ತು ಆ ಅಳು. ಹೊರಗೆ ಬಂದಾಗ ಡಬ್ಬಿಯ ಮೇಲೆ ಹಸಿರು ದೀಪ. ನನಗೆ ಹೋದ ಜೀವ ಬಂದ ಹಾಗಾಯಿತು. ಓಡಿಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದೆ. ಇಬ್ಬರೂ ಕಟ್ಟೆಯ ಮೇಲೆ ಕೂತು ತಿಂದೆವು, ಖಾರ ಹತ್ತಿ ಅವಳು ನಕ್ಕಳು. ಆ ನಗು ನೋಡಿ ಎರಡು ವರ್ಷವಾಗಿತ್ತು.

ದಿನವೂ ಹಸಿರು ಬರತೊಡಗಿತು. ಅವಳಿಗೆ ನಿದ್ದೆ ಬಂತು, ಅನ್ನ ರುಚಿಸಿತು, ಮಿಕ್ಸಿ ಕೇಳದೆ ತಿರುಗಿತು. ಡಾಕ್ಟರು ಸರ್ಟಿಫಿಕೇಟು ಬರೆದುಕೊಟ್ಟರು, ಯುಗಾದಿಗೆ ಮುಂಚೆಯೇ ಅವಳು ಪ್ಯಾನಲ್ಲಿನ ಮುಂದೆ ಹೋಗಿ ಕೂತಳು. ನಾನು ಅಂಗಡಿಗೆ ಬಂದವರಿಗೆಲ್ಲ ಕಿವಿಮಾತಿನ ಗುಣಗಾನ ಮಾಡಿದೆ. ಕಂಪನಿಯವರು ನನಗೆ ಕಮಿಷನ್ ಕೊಡುತ್ತಾರೆ ಅಂತ ಕೆಲವರು ಅಂದುಕೊಂಡಿರಬೇಕು.

ಒಂದು ಭಾನುವಾರ ಅಡುಗೆಮನೆಯಲ್ಲಿ ಕೂತು ನಮ್ಮ ಮಿಕ್ಸಿಯನ್ನೇ ಬಿಚ್ಚಿಕೊಂಡಿದ್ದೆ. ಅದರ ವೈರು ಇನ್ನೂ ಸಾಕೆಟ್ಟಿನಲ್ಲೇ ಇತ್ತು, ಸ್ವಿಚ್ಚು ಆಫ್ ಇತ್ತು, ಸೋಮಾರಿತನ. ದಾಕ್ಷಿ ಹಾಡು ಗುನುಗುತ್ತಾ ಬಂದವಳು ಪಟ್ಟನೆ ಸ್ವಿಚ್ಚು ಒತ್ತಿದಳು. ಸ್ಕ್ರೂಡ್ರೈವರ್ ಹಾರಿ ಗೋಡೆಗೆ ಬಡಿಯಿತು, ನನ್ನ ಹೆಬ್ಬೆರಳು ಕೊಯ್ದುಹೋಯಿತು. ಕರೆಂಟು ಕೆಲಸದವನಿಗೆ ಇದೆಲ್ಲ ಹೊಸದಲ್ಲ, "ಗಂಡನ್ನ ಚಟ್ನಿ ಮಾಡ್ತಿದ್ಯಲ್ಲೇ" ಅಂತ ನಕ್ಕು ಬಟ್ಟೆ ಸುತ್ತಿಕೊಂಡೆ. ಅವಳು ನಗಲಿಲ್ಲ. ಹೆದರಲೂ ಇಲ್ಲ. "ಅಯ್ಯೋ, ನೋಡ್ಲೇ ಇಲ್ಲ," ಅಂದಳು, ಹಾಲು ಉಕ್ಕಿದ್ದಕ್ಕೆ ಹೇಳುವಷ್ಟೇ ಸಹಜವಾಗಿ. ನನಗೆ ಏನೋ ಒಂಥರಾ ಆಯಿತು. ಹಸಿರಿನ ಸಂತೋಷದಲ್ಲಿ ಅದನ್ನು ಮರೆತೆ.

ಅದಾದ ಕೆಲವೇ ದಿನಕ್ಕೆ ನಾನು ಮಧ್ಯಾಹ್ನದ ಊಟ ತಗೊಂಡು ಕಂಟ್ರೋಲ್ ರೂಮಿಗೆ ಹೋಗಿದ್ದೆ. ಕಿಟಕಿಯಿಂದ ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಕೆರೆ ಫೀಡರಿನ ಸ್ವಿಚ್ಚಿಗೆ ಬೋರ್ಡು ನೇತಾಡುತ್ತಿತ್ತು, ಪಾಲಮ್ಮ ಎಲ್‌ಸಿ ತಗೊಂಡು ಹೋಗಿದ್ದಾಳೆ ಅಂದಳು ದಾಕ್ಷಿ. ನಾನು ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯ ಹರಡುವಷ್ಟರಲ್ಲಿ ಫೋನು ಬಂತು. ಸ್ಪೀಕರಿನಲ್ಲಿ, ಪಾಲಮ್ಮನನ್ನು ಕರೆದೊಯ್ದಿದ್ದ ಜೀಪಿನ ಡ್ರೈವರನ ದನಿ.

"ಮೇಡಂ, ಪಾಲಮ್ಮ ಇಳಿದ್ರು. ಕೈಯಾಗೆ ಗ್ರೀಸ್ ಆಗೈತೆ, ಫೋನು ಮುಟ್ಟಕ್ಕಾಗಲ್ಲ ಅಂತ ನಂಗೆ ಹೇಳಿದ್ರು. ಎಲ್‌ಸಿ ವಾಪಸ್ ಅಂತ ಬರ್ಕಳ್ರಿ."

"ಹೂಂ," ಅಂದಳು ದಾಕ್ಷಿ.

ಎದ್ದಳು. ಬೋರ್ಡು ತೆಗೆದು ಪಕ್ಕಕ್ಕಿಟ್ಟಳು. ಸ್ವಿಚ್ಚಿನ ಹಿಡಿಯ ಮೇಲೆ ಕೈಯಿಟ್ಟಳು. ನಾನು ಕೈಯಲ್ಲಿದ್ದ ರೊಟ್ಟಿ ಇಟ್ಟು ಎದ್ದು ನಿಂತೆ. ಅವಳ ಮುಖದಲ್ಲಿ ಒಂದು ಗೆರೆ ಅಲ್ಲಾಡಿರಲಿಲ್ಲ. ಹಿಟ್ಟು ನಾದುವಾಗ ಇರುತ್ತದಲ್ಲ, ಅಂಥ ನೆಮ್ಮದಿಯ ಮುಖ.

ಹಿಡಿ ತಿರುಗಿಸುವ ಮುಂಚೆ ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಇನ್ನೊಂದು ಕೈಯಿಂದ ತನ್ನ ನಾಡಿ ಹಿಡಿದಳು.

"ರೀ," ಅಂದಳು ನನ್ನ ಕಡೆ ತಿರುಗದೆ, "ನಂಗೇನೂ ಆಗ್ತಾನೇ ಇಲ್ಲ."

ಹಿಡಿಯಿಂದ ಕೈ ತೆಗೆದಳು. ಬೋರ್ಡನ್ನು ಮತ್ತೆ ತಗುಲಿಸಿದಳು. ಫೋನಿನ ಕಡೆ ಬಾಗಿ "ಪಾಲಮ್ಮನ ಹತ್ರಾನೇ ಹೇಳಿಸಪ್ಪಾ," ಅಂದಳು. ಡ್ರೈವರ್ ಏನೋ ಗೊಣಗಿದ. ಸ್ವಲ್ಪ ಹೊತ್ತಾದ ಮೇಲೆ ಪಾಲಮ್ಮನ ದನಿ ಬಂತು. "ಇಳ್ದಿದೀನಿ ಅಕ್ಕಾ. ಸರಪಳಿ ಬಿಚ್ಚಿದೀನಿ. ಎಲ್‌ಸಿ ವಾಪಸ್."

ನೋಡಿದರೆ ಡ್ರೈವರ್ ಹೇಳಿದ್ದು ನಿಜವೇ. ಆಗಲೇ ಸ್ವಿಚ್ಚು ಹಾಕಿದ್ದರೂ ಏನೂ ಆಗುತ್ತಿರಲಿಲ್ಲ. ನಾನು ಅದನ್ನೇ ಹೇಳಿ ಸಮಾಧಾನ ಮಾಡಲು ಹೋದೆ. ದಾಕ್ಷಿ ಲೈನಿಗೆ ಕರೆಂಟು ಕೊಟ್ಟು ಬಂದು ಕುರ್ಚಿಯಲ್ಲಿ ಕುಸಿದು ಕೂತಳು.

"ಆ ಡಬ್ಬಿ ನಂಗೆ ಏನು ಕಲಿಸ್ತು ಗೊತ್ತೇನ್ರೀ? ಒಬ್ಬರ ಎಲ್‌ಸಿನ ಇನ್ನೊಬ್ಬರ ಬಾಯಿಂದ ತಗೊಂಡು ನೆಮ್ಮದಿಯಾಗಿರು ಅಂತ ಕಲಿಸ್ತು. ಅವತ್ತು ಈರಣ್ಣ ಒಂದೇ ಸಲ ಮಾಡಿದ್ದ. ಇದು ದಿನಾ ಸಂಜೆ ಮಾಡ್ತು."

ಅವತ್ತೇ ಮೇಲಿನವರಿಗೆ ಫೋನು ಮಾಡಿ, ನನ್ನನ್ನು ಈ ಕುರ್ಚಿಯಿಂದ ಎಬ್ಬಿಸಿ ಅಂತ ತಾನೇ ಕೇಳಿಕೊಂಡಳು.

ಮತ್ತೆ ದುರ್ಗಕ್ಕೆ ಹೋದೆವು. ದಾಕ್ಷಿ ಹೇಳಿದ್ದನ್ನು ಕೇಳುತ್ತಾ ಹೋದಂತೆ ಡಾಕ್ಟರ್ ನಫೀಸಾ ಅವರ ಮುಖ ಇಳಿಯಿತು. ಬುದ್ಧಿವಂತೆ, ಎರಡು ಸಲ ಹೇಳಿಸಿಕೊಳ್ಳಲಿಲ್ಲ. "ಭಯದ ಜೊತೆ ಎಚ್ಚರಾನೂ ತೆಗೆದುಬಿಟ್ಟಿದೀವಿ," ಅಂದರು. "ಇದು ನಮಗೆ ಹೊಳೆದಿರಲಿಲ್ಲ. ತಪ್ಪು ನಮ್ಮದು." ಆ ದನಿ ಇಲ್ಲದೆ ಮತ್ತೆ ಕಥೆ ಹೇಳಿದರೆ ನೆನಪು ಮತ್ತೆ ಹಸಿಯಾಗುತ್ತದೆ, ಸುಳ್ಳು ಕೊನೆಯನ್ನು ಕಿತ್ತು ಹಾಕಬಹುದು ಅಂದರು. ಆದರೆ ಹಸಿರು ಹೋಗುತ್ತದೆ. ನಿದ್ದೆ ಹೋಗುತ್ತದೆ. ಪ್ಯಾನಲ್ಲು ಕೂಡ ಹೋಗಬಹುದು.

ನನಗೆ ತಡೆದುಕೊಳ್ಳಲಾಗಲಿಲ್ಲ, ಜಗಳಕ್ಕೇ ನಿಂತೆ. "ಬೇಡವೇ ಬೇಡ ಡಾಕ್ಟ್ರೇ. ಟಪಾಲು ಸೆಕ್ಷನ್ನಾದ್ರೂ ಆಗ್ಲಿ, ಅಲ್ಲಿ ಯಾರೂ ಸಾಯಲ್ಲ. ನಂಗೆ ನಗೋ ಹೆಂಡ್ತಿ ಬೇಕು. ಎರಡು ವರ್ಷ ನಾನು ನೋಡಿದೀನಿ, ನಿಮಗೆ ಗೊತ್ತಿಲ್ಲ."

ದಾಕ್ಷಿ ನನ್ನ ಹೆಬ್ಬೆರಳಿನ ಗಾಯದ ಕಲೆಯನ್ನು ಮುಟ್ಟಿದಳು. "ನಂಗೆ ಬೆರಳಿರೋ ಗಂಡ ಬೇಕು," ಅಂದಳು. "ನಗ್ತೀನಿ ಬಿಡ್ರಿ. ಕೇಳಿಕೊಂಡು ನಗ್ತೀನಿ."

ಮನೆಗೆ ಬಂದ ಸಂಜೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ದೀಪ ಹಳದಿ. ಮುಖ ಬಿಳಿಚಿಕೊಂಡಿತ್ತು. ಅಡುಗೆಮನೆಗೆ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟು "ಹಾಕ್ಲಾ?" ಅಂದಳು. ಆ ಮಾತು ಕೇಳಿ ನನಗೆ ಅಳು ಬಂತು, ಹಾಗೇ ಒಂದು ಧೈರ್ಯವೂ ಬಂತು. "ಹಾಕೇ," ಅಂದೆ.

ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದಳು. "ಎಲ್‌ಸಿ ತಗೊಂಡವರು ವಾಪಸ್ ಕೊಡೋ ಸ್ಥಿತೀಲಿ ಇಲ್ಲ ಅಂದ್ರೆ ಅದಕ್ಕೂ ಒಂದು ಕ್ರಮ ಇದೆ. ಜವಾಬ್ದಾರಿ ಇರೋರು ಆ ಕಂಬದ ತನಕ ಲೈನ್ ಹಿಡಿದು ನಡೆದು ಹೋಗ್ಬೇಕು. ಮೇಲೆ ಯಾರೂ ಇಲ್ಲ ಅಂತ ಕಣ್ಣಾರೆ ನೋಡ್ಬೇಕು. ಅವತ್ತು ಸಾಹೇಬ್ರು ಹೋಗಿ ನೋಡಿದ್ರು. ನಾನು ಕುರ್ಚಿ ಬಿಟ್ಟು ಏಳ್ಲಿಲ್ಲ. ಇವತ್ತಿನ ತನಕ ಆ ಕಂಬ ನೋಡಿಲ್ಲ ನಾನು."

"ಹೋಗೋಣ ನಡಿ," ಅಂದೆ.

"ಪಾಲಮ್ಮ ಬಂದ್ರೆ ಹೋಗ್ತೀನಿ."

ಪಾಲಮ್ಮ ಬಂದಳು. ರಜೆಯ ದಿನವಾದರೂ ಯೂನಿಫಾರಂ ಹಾಕಿಕೊಂಡು, ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಸಬ್‌ಸ್ಟೇಷನ್ನಿನ ಗೇಟಿನಿಂದ ಗುಡ್ಡದ ಕಡೆಗೆ ಲೈನಿನ ಕೆಳಗೇ ನಡೆದೆವು. ಅವಳು ಮುಂದೆ, ದಾಕ್ಷಿ ನಡುವೆ, ನೀರಿನ ಬಾಟಲು ಹಿಡಿದು ನಾನು ಹಿಂದೆ. ಜಾಲಿ ಮುಳ್ಳು, ಕಲ್ಲು, ಆಗಾಗ ಓಡುವ ಓತಿಕ್ಯಾತ. ಪ್ರತಿ ಕಂಬದ ಹತ್ತಿರ ದಾಕ್ಷಿ ನಿಂತು ಕತ್ತೆತ್ತಿ ನೋಡಿ ಮುಂದೆ ಹೋಗುತ್ತಿದ್ದಳು.

ಏರು ಮುಗಿಯುವ ಕಡೆ ಪಾಲಮ್ಮ ನಿಂತಳು. "ಇದೇ ಅಕ್ಕ."

ಬೇರೆ ಕಂಬಗಳ ಹಾಗೇ ಇತ್ತು. ಹೊಸ ಪಿಂಗಾಣಿ ಬಟ್ಟಲುಗಳು, ಬಿಗಿಯಾಗಿ ಕಟ್ಟಿದ ತಂತಿ, ಮೇಲೆ ಕೂತ ಒಂದು ಕಾಜಾಣ. ದಾಕ್ಷಿ ತುಂಬ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ನೀಲಿ ಡಬ್ಬಿ ತೆಗೆದು ಕಿವಿಗೆ ಕ್ಲಿಪ್ಪು ಸಿಕ್ಕಿಸಿಕೊಂಡಳು. ಒಬ್ಬರೇ ಇರಬೇಕು, ಬಾಗಿಲು ಹಾಕಿರಬೇಕು ಅನ್ನುವುದು ಕಿವಿಮಾತಿನ ನಿಯಮ. ಅಲ್ಲಿ ಹಾಕಲು ಬಾಗಿಲೇ ಇರಲಿಲ್ಲ. ಪಾಲಮ್ಮನ ಮುಖ ನೋಡುತ್ತಾ ಮೊದಲಿನಿಂದ ಹೇಳಿದಳು. ಓಬಳೇಶ ಎಲ್‌ಸಿ ಕೇಳಿದ್ದು. ಕೊಟ್ಟಿದ್ದು. ಈರಣ್ಣನ ಫೋನು. ದಿನವೂ ನಿಲ್ಲುವ ಜಾಗಕ್ಕೆ ಬಂದಳು. ನಾನು ಬಾಟಲನ್ನು ಹಿಸುಕುತ್ತಾ ನಿಂತಿದ್ದೆ.

"ಈರಣ್ಣನ ಮಾತು ಕೇಳಿ ನಾನು ಸ್ವಿಚ್ಚು ಹಾಕ್ದೆ," ಅಂದಳು ದಾಕ್ಷಿ. "ನಿನ್ನ ಗಂಡ ಮೇಲಿದ್ದ. ಅವನು ಇಳೀಲಿಲ್ಲ. ಸತ್ತುಹೋದ, ಪಾಲಮ್ಮಾ."

ಅಷ್ಟು ದಿನ ಕದಕ್ಕೆ ಕಿವಿ ಕೊಟ್ಟವನು ನಾನು. ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.

ಪಾಲಮ್ಮ ಕಂಬಕ್ಕೆ ಒರಗಿ ನಿಂತು ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆಯುತ್ತಾ ಬಿಡುತ್ತಾ ಇದ್ದಳು. ಗಾಳಿ ಜೋರಾಗಿತ್ತು.

"ಹೂಂ ಅಕ್ಕ. ಇಳೀಲಿಲ್ಲ. ಆ ಎಲ್‌ಸಿ ಇನ್ಯಾವತ್ತೂ ವಾಪಸ್ ಬರಲ್ಲ. ಅದು ಹಂಗೇ ಇರ್ಲಿ, ಅವನ ಜೊತೆ. ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗ್ತೈತೆ. ಒಂದೊಂದಿನ ಇರ್ತೈತೆ, ಒಂದೊಂದಿನ ಇರಲ್ಲ." ಕಣ್ಣು ಒರೆಸಿಕೊಂಡಳು. "ಆದ್ರೆ ಮೊನ್ನೆ ಡ್ರೈವರ್ ಹೇಳಿದ್ರೂ ನೀವು ಹಾಕ್ಲಿಲ್ಲ. ನನ್ನ ದನೀನೇ ಬೇಕು ಅಂದ್ರಿ. ಅವತ್ತು ಮನೆಗೋಗಿ ಮಗಳನ್ನ ತಬ್ಕಂಡು ಅತ್ತೆ ಅಕ್ಕ. ನಂದು ನನ್ನ ಬಾಯಿಂದಾನೇ ಕೇಳೋರು ಒಬ್ರು ಅಲ್ಲಿ ಕೂತವ್ರೆ ಅನ್ನಿಸ್ತು. ನೀವು ಟಪಾಲಿಗೆ ಹೋಗ್ಬ್ಯಾಡ್ರಿ."

ದಾಕ್ಷಿ ಅವಳ ಕೈ ಹಿಡಿದಳು. ಪಾಲಮ್ಮ ಬಿಡಿಸಿಕೊಳ್ಳಲಿಲ್ಲ. ನಾನು ಡಬ್ಬಿಯ ಕಡೆ ನೋಡಿದೆ. ದೀಪ ಹಳದಿಯೇ ಇತ್ತು.

ಮರುವಾರ ಡಾಕ್ಟರ್ ನಫೀಸಾ ಆ ದಿನದ ಗೆರೆಯನ್ನು ಪರದೆಯ ಮೇಲೆ ಹಾಕಿ ಬಹಳ ಹೊತ್ತು ನೋಡಿದರು. ಹಿಂದೆಂದೂ ಏರದಷ್ಟು ಎತ್ತರಕ್ಕೆ ಏರಿತ್ತು. ಆಮೇಲೆ ಇಳಿದಿತ್ತು. ಪೂರ್ತಿ ಇಳಿಯದೆ ಅರ್ಧದಲ್ಲಿ ನಿಂತಿತ್ತು.

"ನೆಲ ಮುಟ್ಟಿಲ್ಲ," ಅಂದೆ ನಾನು.

"ಇಲ್ಲ. ಇವರ ಕೆಲಸಕ್ಕೆ ಇಷ್ಟು ಇರಬೇಕು ಅಂತ ನಂಗೀಗ ಅನ್ನಿಸ್ತಿದೆ," ಅಂದರು. ಹಸಿರು ಬರದಿದ್ದರೂ ಇವರು ಕೆಲಸಕ್ಕೆ ಯೋಗ್ಯರು ಅಂತ ಬರೆದು ಸಹಿ ಹಾಕಿದರು. ಇನ್ನೊಬ್ಬರ ಜೀವ ಕೈಯಲ್ಲಿರುವ ಕೆಲಸದವರಿಗೆ ಪ್ರತಿಮಾತು ಕೊಡುವುದನ್ನು ನಿಲ್ಲಿಸಿ ಅಂತ ಮೇಲಕ್ಕೆ ತಾವೇ ಬರೆದಿದ್ದಾರೆ ಅಂತ ಆಮೇಲೆ ತಿಳಿಯಿತು. ಇಲಾಖೆಯವರು ಒಂದಷ್ಟು ದಿನ ಯೋಚನೆ ಮಾಡಿದರು. ಕೊನೆಗೆ, ಸದ್ಯಕ್ಕೆ ಹಗಲಿನ ಪಾಳಿ ಮಾತ್ರ, ಅಂತ ಹೇಳಿ ದಾಕ್ಷಿಗೆ ಕುರ್ಚಿ ವಾಪಸ್ ಕೊಟ್ಟರು.

ಮುಂಗಾರಿನ ಮೊದಲ ಗಾಳಿಗೆ ಗುಡ್ಡದ ಫೀಡರಿನಲ್ಲಿ ಎಲ್ಲೋ ಕೊಂಬೆ ಬಿದ್ದು ತಂತಿ ಕಿತ್ತಿತು. ಎಲ್‌ಸಿ ತಗೊಂಡವಳು ಪಾಲಮ್ಮ. ನಾನು ಊಟದ ಡಬ್ಬಿ ತಗೊಂಡು ಹೋದಾಗ ದಾಕ್ಷಿ ಬೋರ್ಡು ತಗುಲಿಸಿದ ಸ್ವಿಚ್ಚಿನ ಮುಂದೆ ಕೂತಿದ್ದಳು. ಹಳ್ಳಿಯಿಂದ ಮೇಲಿಂದ ಮೇಲೆ ಫೋನು, ಟ್ಯಾಂಕು ಖಾಲಿ, ಕರೆಂಟು ಯಾವಾಗ ಅಂತ. "ಇಳೀಲಿ, ಆಮೇಲೆ," ಅಂತ ಒಂದೇ ಮಾತು ಹೇಳುತ್ತಿದ್ದಳು. ರೊಟ್ಟಿ ಆರಿಹೋಯಿತು. ಅವಳು ತಿನ್ನಲಿಲ್ಲ, ನಾನೂ ತಿನ್ನಲಿಲ್ಲ.

ಫೋನು ಬಂತು.

"ಅಕ್ಕಾ, ನಾನು ಪಾಲಮ್ಮ. ಕೆಳಗಿದೀನಿ. ಸರಪಳಿ ಬಿಚ್ಚಿದೀನಿ. ನನ್ನ ಜೊತೆಗಿದ್ದೋರೆಲ್ಲಾ ದೂರ ನಿಂತವ್ರೆ. ಎಲ್‌ಸಿ ವಾಪಸ್."

"ಇನ್ನೊಂದ್ಸಲ ಹೇಳು," ಅಂದಳು ದಾಕ್ಷಿ. ಪಾಲಮ್ಮ ಇನ್ನೊಂದು ಸಲ ಹೇಳಿದಳು, ಅಕ್ಷರ ಬಿಡದೆ. ದಾಕ್ಷಿ ಎದ್ದು ಬೋರ್ಡು ತೆಗೆದು ಹಿಡಿಯ ಮೇಲೆ ಕೈಯಿಟ್ಟಳು. ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಅವಳು ಹಾಗೇ ನಿಂತಳು. ಸ್ಪೀಕರಿನಲ್ಲಿ ಗುಡ್ಡದ ಗಾಳಿಯ ಸದ್ದು ಕೇಳುತ್ತಲೇ ಇತ್ತು. ಪಾಲಮ್ಮ ಫೋನು ಇಟ್ಟಿರಲಿಲ್ಲ.

"ಭಯ ಆಗ್ತೈತಾ ಅಕ್ಕ?"

"ಆಗ್ತಿದೆ ಕಣೇ."

"ಹಂಗಾದ್ರೆ ಹಾಕ್ರಿ," ಅಂದಳು ಪಾಲಮ್ಮ.

ದಾಕ್ಷಿ ಹಿಡಿ ತಿರುಗಿಸಿದಳು. ಗುಡ್ಡದ ಫೀಡರಿನ ಮೇಲೆ ಕೆಂಪು ದೀಪ ಹತ್ತಿಕೊಂಡಿತು.